ತೆರೆಷ್ಕೋವಾ ಆದಮೇಲೆ 19 ವರ್ಷ ಯಾಕೆ ಯಾವ ಮಹಿಳೆಯೂ ಬಾಹ್ಯಾಕಾಶಕ್ಕೆ ಹೋಗಲಿಲ್ಲ?

ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ಯಾರು ಅಂದರೆ ಶಾಲೆ ಮಕ್ಕಳೂ ಥಟ್ಟನೆ ಹೇಳುತ್ತಾರೆ, ವ್ಯಾಲೆಂಟಿನಾ ತೆರೆಷ್ಕೋವಾ, 1963. ಎರಡನೆಯವರು ಯಾವಾಗ ಹೋದರು ಅಂತ ಕೇಳಿ ನೋಡಿ. 1982ರಲ್ಲಿ! ನನಗೆ ಸಿಟ್ಟು ಬರೋದು ನಡುವಿನ ಈ 19 ವರ್ಷ ನೆನೆದಾಗ.

ತೆರೆಷ್ಕೋವಾ ರಷ್ಯಾದ ಯಾರೋಸ್ಲಾವ್ಲ್ ಕಡೆಯ ಹಳ್ಳಿಯವರು. ಅಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದರು, ಫಿನ್‌ಲೆಂಡ್ ಯುದ್ಧದಲ್ಲಿ ತೀರಿಕೊಂಡರು. ಅಮ್ಮ ಬಟ್ಟೆ ಗಿರಣಿಯಲ್ಲಿ ದುಡಿದು ಮೂರು ಮಕ್ಕಳನ್ನು ಸಾಕಿದರು. ಮಗಳೂ ಗಿರಣಿ ಕೆಲಸಕ್ಕೇ ಸೇರಿದರು. ಜೊತೆಗೆ ಪ್ಯಾರಾಚೂಟ್ ಹುಚ್ಚು. ಆ ಹುಚ್ಚೇ ಅವರ ಕೈ ಹಿಡಿಯಿತು, ಯಾಕಂದರೆ ಆಗಿನ ಸೋವಿಯತ್ ಬಾಹ್ಯಾಕಾಶ ನೌಕೆ ವೋಸ್ಟಾಕ್‌ನೊಳಗೆ ಕೂತು ನೆಲಕ್ಕೆ ಇಳಿಯುವಂತಿರಲಿಲ್ಲ, ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಸೀಟು ಸಮೇತ ಹೊರಗೆ ಚಿಮ್ಮಿ ಪ್ಯಾರಾಚೂಟಿನಲ್ಲಿ ಬೇರೆಯಾಗಿ ಇಳಿಯಬೇಕಿತ್ತು. 1962ರಲ್ಲಿ ಐದು ಹೆಣ್ಣುಮಕ್ಕಳನ್ನು ಆರಿಸಿದರು. ಅವರಲ್ಲಿ ಇವರೂ ಒಬ್ಬರು.

1963ರ ಜೂನ್ 16ಕ್ಕೆ ವೋಸ್ಟಾಕ್ 6 ಹಾರಿತು. ವಯಸ್ಸು 26. ಒಬ್ಬರೇ. ಭೂಮಿಗೆ 48 ಸುತ್ತು, ಹತ್ತಿರ ಹತ್ತಿರ 71 ಗಂಟೆ. ಅಷ್ಟೊತ್ತಿಗೆ ಅಮೆರಿಕದ ಮರ್ಕ್ಯುರಿ ಗಗನಯಾತ್ರಿಗಳು ಆರೂ ಜನ ಸೇರಿ ಹಾರಿದ್ದ ಹೊತ್ತಿಗಿಂತ ಜಾಸ್ತಿ ಇದು.

ಇಷ್ಟು ಎಲ್ಲಾ ಕಡೆ ಸಿಗುತ್ತದೆ. ಹೇಳದೇ ಉಳಿದಿದ್ದ ಕಥೆ ಬೇರೆ ಇದೆ. ತೆರೆಷ್ಕೋವಾ ಅವರೇ ಎಷ್ಟೋ ವರ್ಷಗಳ ಮೇಲೆ ಹೇಳಿದ ಪ್ರಕಾರ, ವಾಪಸ್ ಬರುವಾಗ ನೌಕೆ ಯಾವ ಕಡೆ ಮುಖ ಮಾಡಬೇಕು ಅನ್ನುವ ಲೆಕ್ಕವೇ ಉಲ್ಟಾ ಆಗಿತ್ತು. ಹಾಗೇ ಎಂಜಿನ್ ಉರಿಸಿದ್ದರೆ ನೌಕೆ ಇಳಿಯುವ ಬದಲು ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಇದನ್ನು ಗಮನಿಸಿ ಕೆಳಗೆ ತಿಳಿಸಿದ್ದು ಅವರೇ. ಹೊಸ ಲೆಕ್ಕ ಕಳಿಸಿ ಸರಿ ಮಾಡಿದರು. ಆಮೇಲೆ ಮುಖ್ಯ ವಿನ್ಯಾಸಕಾರ ಕೊರೊಲ್ಯೋವ್, ಇದನ್ನು ಯಾರಿಗೂ ಹೇಳಬೇಡ ಅಂತ ಕೇಳಿಕೊಂಡರಂತೆ. ಕೊರೊಲ್ಯೋವ್ 1966ರಲ್ಲೇ ತೀರಿಹೋದರು. ಇವರು ಮಾತ್ರ ದಶಕಗಳ ಕಾಲ ಬಾಯಿ ಬಿಡಲಿಲ್ಲ.

ಆ ಮೌನದಿಂದ ಏನಾಯ್ತು ಗೊತ್ತಾ? ವಾಂತಿ ಮಾಡಿಕೊಂಡರು, ಸುಸ್ತಾದರು, ಕೊಟ್ಟ ಕೆಲಸ ಮಾಡಲಿಲ್ಲ ಅನ್ನುವ ಮಾತುಗಳಷ್ಟೇ ಹರಡಿದವು. ವಾಂತಿ ಆಗಿದ್ದು ಊಟದಿಂದ ಅಂತ ಅವರು ಹೇಳಿದ್ದಾರೆ. ಅಲ್ಲ, 1961ರಲ್ಲಿ ಹಾರಿದ್ದ ಸೋವಿಯತ್ ಗಗನಯಾತ್ರಿ ಟಿಟೋವ್ ಅವರಿಗೂ ವಾಂತಿ ಆಗಿತ್ತಲ್ಲ? ಅದಕ್ಕೇನು ಗಂಡಸರನ್ನು ಕಳಿಸೋದು ನಿಲ್ಲಿಸಿದರಾ? ಇನ್ನು ಕಳಿಸಿದವರ ತಯಾರಿ ನೋಡಿ: ಹಲ್ಲುಜ್ಜಲು ಪೇಸ್ಟ್ ಇಟ್ಟಿದ್ದರು, ಬ್ರಷ್ ಇಡೋದನ್ನೇ ಮರೆತಿದ್ದರು. ಇವರು ಬೆರಳಲ್ಲೇ ಉಜ್ಜಿಕೊಂಡರು.

1969ರಲ್ಲಿ ಮಹಿಳಾ ತಂಡವನ್ನೇ ಮುಚ್ಚಿದರು. ಅದೇ ವರ್ಷ ತೆರೆಷ್ಕೋವಾ ಝುಕೋವ್ಸ್ಕಿ ಅಕಾಡೆಮಿಯಲ್ಲಿ ಎಂಜಿನಿಯರಿಂಗ್ ಮುಗಿಸಿದ್ದರು. ಓದಿ ಇನ್ನೂ ಜಾಸ್ತಿ ಅರ್ಹರಾದ ಹೊತ್ತಿಗೆ ಬಾಗಿಲೇ ಮುಚ್ಚಿತು. ಮತ್ತೆಂದೂ ಅವರು ಹಾರಲಿಲ್ಲ. 1982ರಲ್ಲಿ ಸ್ವೆತ್ಲಾನಾ ಸವಿತ್ಸ್ಕಾಯಾ ಸ್ಯಾಲ್ಯುತ್ 7 ಬಾಹ್ಯಾಕಾಶ ನಿಲ್ದಾಣದೊಳಗೆ ಬಂದಾಗ ಅಲ್ಲಿದ್ದ ಗಂಡಸರು ಅಡುಗೆಮನೆಯ ಏಪ್ರನ್ ಕೊಟ್ಟು ಸ್ವಾಗತಿಸಿದರು. ಅವರು ಎಂಥಾ ಪೈಲಟ್ ಅಂತ ಗೊತ್ತಿದ್ದೂ!

ತೆರೆಷ್ಕೋವಾ ಆಮೇಲೆ ರಾಜಕೀಯಕ್ಕೆ ಹೋದರು. 2020ರಲ್ಲಿ ಪುಟಿನ್ ಮತ್ತೆ ಚುನಾವಣೆಗೆ ನಿಲ್ಲಲು ದಾರಿ ಮಾಡಿಕೊಡುವ ತಿದ್ದುಪಡಿಯನ್ನು ಸಂಸತ್ತಿನಲ್ಲಿ ಮುಂದಿಟ್ಟವರೂ ಇವರೇ. ಅದು ನನಗೆ ಒಂಚೂರೂ ಹಿಡಿಸಲಿಲ್ಲ. ಅದನ್ನು ಟೀಕಿಸಿ, ನಾನೂ ಟೀಕಿಸುತ್ತೇನೆ. ಆ ಸಿಟ್ಟಿಗೆ 1963ರ ಹಾರಾಟವನ್ನು ಸುಮ್ನೆ ಪ್ರಚಾರದ ಗಿಮಿಕ್ ಅಂತ ತಳ್ಳಿಹಾಕಿದರೆ ಮಾತ್ರ ನಾನು ಒಪ್ಪಲ್ಲ. ಪ್ರಚಾರ ಬೇಕಿದ್ದದ್ದು ಸರ್ಕಾರಕ್ಕೆ. ಗೋಳದಂಥ ಆ ನೌಕೆಯೊಳಗೆ ಜೀವ ಪಣಕ್ಕಿಟ್ಟು ಕೂತಿದ್ದವರು ಇವರು.

ಅವರ ಜೊತೆ ತರಬೇತಿ ಪಡೆದ ನಾಲ್ವರ ಹೆಸರೂ ಇಲ್ಲಿರಲಿ: ಇರೀನಾ ಸೊಲೊವ್ಯೋವಾ, ವ್ಯಾಲೆಂಟಿನಾ ಪೊನೊಮರ್ಯೋವಾ, ತತ್ಯಾನಾ ಕುಜ್ನೆತ್ಸೋವಾ, ಝಾನ್ನಾ ಯೋರ್ಕಿನಾ. ಇವರಲ್ಲಿ ಪೊನೊಮರ್ಯೋವಾ, ಸೊಲೊವ್ಯೋವಾ ಇಬ್ಬರನ್ನೂ ಒಟ್ಟಿಗೆ ವೊಸ್ಖೋದ್ ನೌಕೆಯಲ್ಲಿ ಕಳಿಸಿ ಬಾಹ್ಯಾಕಾಶ ನಡಿಗೆ ಮಾಡಿಸುವ ಯೋಜನೆಯೂ 1960ರ ದಶಕದಲ್ಲೇ ಇತ್ತು. ರದ್ದಾಯಿತು. ಮಹಿಳೆಯೊಬ್ಬರು ನೌಕೆಯಿಂದ ಹೊರಗೆ ಬಂದು ನಡೆಯಲು 1984ರ ತನಕ ಕಾಯಬೇಕಾಯಿತು.