ನೀವು ಸಂಪೂರ್ಣ ಸ್ವತಂತ್ರರು, ಶರ್ಟ್ ಮಾತ್ರ ನಮ್ದು

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳೋ ಮುಂಚೆ ಟಾರ್ಚ್ ಹಿಡ್ಕೊಂಡು ಅಟ್ಟ ಹತ್ತಿ, ನೆಲದಡಿ ತೆವಳಿ, ವೈರು ಪೈಪು ಗೀಸರ್ ಎಲ್ಲಾ ನೋಡಿ ಫೋಟೋ ಸಮೇತ ರಿಪೋರ್ಟ್ ಕೊಡ್ತಾರಲ್ಲ ಹೋಮ್ ಇನ್ಸ್‌ಪೆಕ್ಟರ್‌ಗಳು, ಅವ್ರ ಹತ್ರ ಒಂದು ಕಂಪನಿ ಸಹಿ ಹಾಕಿಸ್ಕೊಳ್ಳೋ ಕರಾರುಪತ್ರ ಮೊನ್ನೆ ಓದಿದೆ. ಲೇಆಫ್ ಆದ್ಮೇಲೆ ಈ ಲೈನಿಗೆ ಇಳಿದಿರೋ ಗೆಳೆಯನೊಬ್ಬ ಫಾರ್ವರ್ಡ್ ಮಾಡಿದ್ದ. ಕಂಪನಿ ಹೆಸರು ಬೇಡ ಬಿಡಿ. ಎರಡನೇ ಕಲಮು ಏನ್ ಹೇಳುತ್ತೆ ಅಂದ್ರೆ, ನೀವು ನಮ್ಮ ನೌಕರರಲ್ಲ, ಸಂಪೂರ್ಣ ಸ್ವತಂತ್ರರು. ಆಮೇಲೆ ಶುರು. ಕಂಪನಿ ಲೋಗೋ ಇರೋ ಶರ್ಟೇ ಹಾಕ್ಬೇಕು, ಬೆಳಿಗ್ಗೆ ಎಂಟಕ್ಕೆ ಆ್ಯಪ್ ಆನ್ ಆಗಿರ್ಬೇಕು, ರಿಪೋರ್ಟ್ ಅವತ್ತು ರಾತ್ರಿನೇ ಹೋಗ್ಬೇಕು, ರೇಟು ಕಂಪನಿ ಹೇಳಿದ್ದೇ, ಗಿರಾಕಿಗೆ ಸ್ವಂತ ಫೋನ್ ನಂಬರ್ ಕೊಡಂಗಿಲ್ಲ. ಏಣಿ ಮಾತ್ರ ನಿಮ್ದೇ ತರ್ಬೇಕು. ಕಾರು, ಪೆಟ್ರೋಲು, ಇನ್ಶೂರೆನ್ಸು ಕೂಡ ನಿಮ್ದೇ. ಇಡೀ ಕರಾರಲ್ಲಿ ಸ್ವಾತಂತ್ರ್ಯ ಅಂತ ಸಿಕ್ಕಿದ್ದು ಆ ಏಣಿ ಒಂದೇ.

ಡೈನಮೆಕ್ಸ್ ಅನ್ನೋ ಡೆಲಿವರಿ ಕಂಪನಿ ಕೇಸಲ್ಲಿ 2018ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು, ಅದನ್ನೇ ಶಾಸನ ಮಾಡಿದ 2019ರ ಎಬಿ 5 ಕಾನೂನು, ಇವೆರಡರ ಗಲಾಟೆ ಇಲ್ಲಿ ಎಲ್ರಿಗೂ ಗೊತ್ತಿರೋದೇ. ಒಬ್ಬನನ್ನ ನೌಕರ ಅಲ್ಲ, ಸ್ವತಂತ್ರ ಕಾಂಟ್ರ್ಯಾಕ್ಟರ್ ಅಂತ ಕರೀಬೇಕಾದ್ರೆ ಕಂಪನಿ ಮೂರು ಪರೀಕ್ಷೆ ಪಾಸಾಗ್ಬೇಕು, ಅದ್ರಲ್ಲಿ ಎರಡನೇದು ಅವ್ನು ಮಾಡೋದು ಕಂಪನಿಯ ಮಾಮೂಲಿ ವ್ಯವಹಾರಕ್ಕೆ ಹೊರತಾದ ಕೆಲಸ ಆಗಿರ್ಬೇಕು ಅನ್ನೋದು. ಮನೆ ತಪಾಸಣೆ ಕಂಪನಿಗೆ ಮನೆ ತಪಾಸಣೆ ಮಾಡ್ಕೊಡೋನು ಈ ಪರೀಕ್ಷೆ ಯಾವ ಜನ್ಮಕ್ಕೆ ಪಾಸಾಗ್ತಾನೆ? ಆದ್ರೆ ಗಾಬರಿ ಬೇಡ, ಆ ಕಾನೂನಿಗೆ ಗವರ್ನರ್ ನ್ಯೂಸಮ್ ಸಹಿ ಬಿದ್ದು ಒಂದು ವರ್ಷ ತುಂಬೋ ಮುಂಚೆನೇ, 2020ರ ಸೆಪ್ಟೆಂಬರಲ್ಲಿ, ಎಬಿ 2257 ಅಂತ ಇನ್ನೊಂದು ಬಂತು, ಈ ಮೂರು ಪರೀಕ್ಷೆ ಬೇಡ ಅಂತ ಬಿಟ್ಟೋರ ರಿಯಾಯಿತಿ ಪಟ್ಟಿ ಉದ್ದ ಆಯ್ತು.

ಆ ಪಟ್ಟಿ ಒಂದ್ಸಲ ಓದ್ಬೇಕು ನೀವು, ಮಜಾ ಇದೆ. ಡಾಕ್ಟರು, ವಕೀಲರು, ಇಂಜಿನಿಯರು, ಖಾಸಗಿ ಪತ್ತೇದಾರರು ಇವರೆಲ್ಲಾ ಮೊದ್ಲೇ ಹೊರಗೆ. ಆಮೇಲೆ ಗೀತರಚನೆಕಾರರು, ಅನುವಾದಕರು, ಸ್ಪರ್ಧೆಗಳ ತೀರ್ಪುಗಾರರು, ಹೋಮ್ ಇನ್ಸ್‌ಪೆಕ್ಟರು. ಏಜೆನ್ಸಿ ಮೂಲಕ ಕೆಲಸ ಹಿಡಿಯೋರಲ್ಲಿ ನಾಯಿ ವಾಕಿಂಗ್ ಕರ್ಕೊಂಡ್ ಹೋಗೋರು, ಗಾಲ್ಫ್ ಚೀಲ ಹೊರೋರು, ಗೋಡೆಗೆ ಫೋಟೋ ನೇತು ಹಾಕೋರು. ಹೌದು ಸ್ವಾಮಿ, ಗೋಡೆಗೆ ಫೋಟೋ ನೇತು ಹಾಕೋದು, ಶಾಸನದಲ್ಲೇ ಹೆಸರು ಹಿಡಿದು ಬರೆದಿದೆ. ಕಲ್ಯಾಣ ಮಂಟಪದಲ್ಲಿ ಊಟದ ಹಾಲ್ ಬಾಗ್ಲು ಹಾಕಿದ್ಮೇಲೂ ಇವ್ರು ನಮ್ಮ ಕಡೆಯೋರು ಬಿಡಿ ಬಿಡಿ ಅಂತ ಹಿಂದಿನ ಬಾಗ್ಲಿಂದ ಒಬ್ಬೊಬ್ರನ್ನೇ ತೂರಿಸ್ತಾರಲ್ಲ, ಥೇಟ್ ಹಂಗೆ. ಬರಹಗಾರರಿಗೆ ಮೊದ್ಲು ಒಂದು ಪತ್ರಿಕೆಗೆ ವರ್ಷಕ್ಕೆ 35 ಲೇಖನ ಅಂತ ಲಿಮಿಟ್ ಇತ್ತು, ಅವ್ರು ಬಾಯಿ ಬಡ್ಕೊಂಡ್ರು, ತೆಗೆದ್ರು. ಉಬರ್ ಲಿಫ್ಟ್‌ನೋರಿಗೆ ಹಿಂದಿನ ಬಾಗ್ಲೂ ಸಾಕಾಗ್ಲಿಲ್ಲ, ಗೋಡೆನೇ ಒಡೆದ್ರು, 20 ಕೋಟಿ ಡಾಲರಿಗೂ ಮೇಲೆ ಸುರಿದು 2020ರ ನವೆಂಬರಲ್ಲಿ ತಮ್ಮ ಡ್ರೈವರುಗಳು ಕಾಂಟ್ರ್ಯಾಕ್ಟರುಗಳೇ ಅನ್ನೋ ಪ್ರಾಪೊಸಿಷನ್ 22ನ್ನ ಜನರ ಓಟಿಂದಾನೇ ಪಾಸ್ ಮಾಡಿಸ್ಕೊಂಡ್ರು.

ಉಗುರಿಗೆ ಬಣ್ಣ ಹಚ್ಚೋರ ಕಥೆ ಇನ್ನೂ ಚೆನ್ನಾಗಿದೆ. ಅವ್ರ ರಿಯಾಯಿತಿಗೆ ಎಕ್ಸ್‌ಪೈರಿ ಡೇಟ್ ಇತ್ತು. ಒಂದ್ಸಲ ಮುಂದೂಡಿ 2025ರ ಜನವರಿ 1ಕ್ಕೆ ಮುಗಿಸಿದ್ರು. ಅಂದ್ರೆ 2025ರಲ್ಲಿ ಒಂದೇ ಪಾರ್ಲರಲ್ಲಿ ಪಕ್ಕಪಕ್ಕದ ಕುರ್ಚಿ, ಕೂದಲು ಕತ್ತರಿಸೋಳಿಗೆ ಒಂದು ಕಾನೂನು, ಉಗುರು ಕತ್ತರಿಸೋಳಿಗೆ ಇನ್ನೊಂದು ಆಗಿತ್ತು. ಅಂದಹಾಗೆ ಇಲ್ಲಿ ಬಾರ್ಬರ್ ಲೈಸೆನ್ಸಿಗೆ 1,000 ಗಂಟೆ ತರಬೇತಿ ಬೇಕು, ಹದಿನೈದು ಲಕ್ಷ ಡಾಲರಿನ ಮನೆ ಗಟ್ಟಿ ಇದ್ಯಾ ಅಂತ ಹೇಳೋನಿಗೆ ರಾಜ್ಯದ ಲೈಸೆನ್ಸೇ ಇಲ್ಲ. ಕಟಿಂಗ್ ಕೆಟ್ರೆ ಎರಡು ವಾರಕ್ಕೆ ಬೆಳ್ಕೊಳುತ್ತೆ, ಅಡಿಪಾಯ ಕೆಟ್ರೆ ಹೋಯ್ತು, ಆದ್ರೆ ಸರ್ಕಾರಕ್ಕೆ ನಮ್ಮ ತಲೆ ಮೇಲೇ ಕಾಳಜಿ ಜಾಸ್ತಿ.

ಸರಿ, ರಿಯಾಯಿತಿ ಸಿಕ್ಕಿದ್ಮೇಲೆ ಹೋಮ್ ಇನ್ಸ್‌ಪೆಕ್ಟರ್ ಎಲ್ಲಿಗೆ ಬಂದು ಬೀಳ್ತಾನೆ? ಸೌತೆಕಾಯಿ ಹೊಲಕ್ಕೆ. ತಮಾಷೆ ಅಲ್ಲ, ಎಬಿ 5ರಿಂದ ರಿಯಾಯಿತಿ ಸಿಕ್ಕೋರನ್ನ ಅಳೆಯೋದು ಅದಕ್ಕಿಂತ ಹಳೇ ಅಳತೆಗೋಲಿಂದ, ಅದೇ 1989ರ ಬೊರೆಲ್ಲೊ ಕೇಸು. ಗಿಲ್ರಾಯ್ ಕಡೆ ಒಬ್ಬ ರೈತ ಉಪ್ಪಿನಕಾಯಿಗೆ ಹೋಗೋ ಸೌತೆ ಬೆಳೀತಿದ್ದ, ಕೀಳೋ ಕೂಲಿಗಳ ಹತ್ರ ನಾವು ಕೂಲಿಯೋರಲ್ಲ, ಪಾಲುಗಾರ ರೈತರು ಅಂತ ಪ್ರಿಂಟೆಡ್ ಫಾರಮ್ಮಿಗೆ ಸಹಿ ಹಾಕಿಸ್ಕೊಂಡಿದ್ದ. ನಮ್ ಕಡೆ ವಾರಕ್ಕೆ, ಅಂದ್ರೆ ಬೆಳೆ ಪಾಲಿಗೆ, ಹೊಲ ಮಾಡೋರು ಕೂಡ ಇದನ್ನ ಕೇಳಿದ್ರೆ ನಗ್ತಾರೆ, ವಾರಕ್ಕೆ ಮಾಡೋನು ಉತ್ತು ಬಿತ್ತು ಎಲ್ಲಾ ಮಾಡ್ತಾನೆ, ಇವ್ರು ಬರೋದು ಬರೀ ಕೊಯ್ಲಿಗೆ. (ತುಮಕೂರು ಹಾಸನದ ಕಡೆ ರಫ್ತಿಗೆ ಮಿಡಿಸೌತೆ ಬೆಳೆಯೋದೂ ಕರಾರಿನ ಮೇಲೇನೇ, ಈ ಕಾಯಿಗೂ ಕಾಗದಕ್ಕೂ ಅದೇನು ನಂಟೋ.) ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳ್ತು, ಕಾಗದದಲ್ಲಿ ಏನಂತ ಬರ್ಕೊಂಡಿದೀರಿ ಅನ್ನೋದ್ರಿಂದ ತೀರ್ಮಾನ ಆಗಲ್ಲ, ಕೆಲಸದ ಮೇಲೆ ಹಿಡಿತ ಯಾರದ್ದು ಅದನ್ನ ನೋಡಿ, ಇವ್ರು ನೌಕರರೇ.

ಅಂದ್ರೆ ಅಷ್ಟೆಲ್ಲಾ ಕಷ್ಟ ಪಟ್ಟು ಸಿಕ್ಕ ರಿಯಾಯಿತಿಯಿಂದಲೂ ಶರ್ಟ್, ಟೈಮು, ರೇಟು ಎಲ್ಲಾ ಕಂಪನಿದೇ ಆಗಿರೋ ಈ ಕರಾರು ಉಳಿಯೋದು ಕಷ್ಟ. ಇದು ಡ್ರಾಫ್ಟ್ ಮಾಡಿದ ವಕೀಲರಿಗೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಗಂಟೆ ಲೆಕ್ಕದಲ್ಲಿ ಫೀಸ್ ತಗೊಂಡೇ ಬರೆದಿರೋದು.

ಹದಿನಾಲ್ಕನೇ ಕಲಮು ಓದಿದಾಗಂತೂ ಕಾಫಿ ನೆತ್ತಿಗೇರ್ತು. ಕೆಲಸ ಬಿಟ್ಟ ಮೇಲೆ ಎರಡು ವರ್ಷ, ಐವತ್ತು ಮೈಲಿ ಒಳಗೆ ಈ ದಂಧೆ ಮಾಡಂಗಿಲ್ಲವಂತೆ. ಇಂಥ ಷರತ್ತು ಕ್ಯಾಲಿಫೋರ್ನಿಯಾದಲ್ಲಿ 1872ರಿಂದ ಅಸಿಂಧು! ಡೇವಿಡ್ ಡಡ್ಲಿ ಫೀಲ್ಡ್ ಅನ್ನೋ ವಕೀಲ ನ್ಯೂಯಾರ್ಕಿಗೆ ಅಂತ ಒಂದು ಕರಡು ಬರೆದ, ನ್ಯೂಯಾರ್ಕ್ ಅದನ್ನ ತಗೊಳ್ಳಲೇ ಇಲ್ಲ, ಕ್ಯಾಲಿಫೋರ್ನಿಯಾ ತಗೊಂತು, ಅದೇ 1872ರಲ್ಲಿ ಅತ್ಲಾಗೆ ಬ್ರಿಟಿಷರೂ ಅದನ್ನೇ ನೋಡ್ಕೊಂಡು ಇಂಡಿಯನ್ ಕಾಂಟ್ರ್ಯಾಕ್ಟ್ ಆ್ಯಕ್ಟಿನ 27ನೇ ಸೆಕ್ಷನ್ ಮಾಡಿದ್ರು. ಅಂದ್ರೆ ಬೆಂಗಳೂರಿನ ಆಫರ್ ಲೆಟರಲ್ಲಿ ಕಾಂಪಿಟಿಟರ್ ಕಂಪನಿಗೆ ಹೋಗಂಗಿಲ್ಲ ಅಂತ ಹೆದರಿಸೋ ಸಾಲಿಗೂ, ಈ ಹದಿನಾಲ್ಕನೇ ಕಲಮಿಗೂ ಒಂದೇ ಅಪ್ಪನ ಕಾನೂನು ಅಡ್ಡ ನಿಂತಿದೆ, ಒಂದೂವರೆ ಶತಮಾನ ಆಯ್ತು, ಎರಡೂ ಕಡೆ ಪ್ರಿಂಟರ್ ನಿಂತಿಲ್ಲ. ಕಡೆಗೆ ಕ್ಯಾಲಿಫೋರ್ನಿಯಾ ಸರ್ಕಾರ ರೋಸಿ ಹೋಗಿ, ಇಂಥ ಷರತ್ತು ಹಾಕಿದ್ರೆ ಅದು ಅಸಿಂಧು ಅಂತ ನೌಕರರಿಗೆ ಕಾಗದ ಬರೀರಿ, ಕೊನೇ ದಿನ 2024ರ ಫೆಬ್ರವರಿ 14 ಅಂತು. ಪ್ರೇಮಿಗಳ ದಿನ ಮಾಲೀಕ ನೌಕರನಿಗೆ ಕಾಗದ ಬರೀಬೇಕು, ಪ್ರಿಯೇ, ನೀನು ಯಾರ ಜೊತೆ ಬೇಕಾದ್ರೂ ಹೋಗ್ಬಹುದು.

ನಗು ಸಾಕು. ಮನೆ ಕೊಳ್ಳೋನ ರಕ್ಷಣೆಗೆ ಇಲ್ಲಿ ಒಳ್ಳೇ ಕಾನೂನಿದೆ, ತಪಾಸಣೆ ಮಾಡಿದ ಮನೆಯ ರಿಪೇರಿ ಕೆಲಸ 12 ತಿಂಗಳು ಅದೇ ಇನ್ಸ್‌ಪೆಕ್ಟರ್ ದುಡ್ಡು ತಗೊಂಡು ಮಾಡಂಗಿಲ್ಲ, ನಮ್ಮ ಹೊಣೆ ಫೀಸಿನಷ್ಟೇ ಅಂತ ಬರ್ಕೊಂಡ್ರೂ ನಡಿಯಲ್ಲ. ಅಟ್ಟದಿಂದ ಕಾಲು ಜಾರಿ ಬಿದ್ದೋನಿಗೆ? ನೌಕರ ಆಗಿದ್ರೆ ವರ್ಕರ್ಸ್ ಕಾಂಪೆನ್ಸೇಷನ್ನು, ಓವರ್‌ಟೈಮು, ಕಾರು ಓಡಿಸಿದ ಖರ್ಚು ಎಲ್ಲಾ ಬರ್ತಿತ್ತು. ಎರಡನೇ ಕಲಮಿನ ಒಂದು ಸಾಲು ಅದನ್ನೆಲ್ಲಾ ನುಂಗಾಕ್ತು. ಬೇಕಂತಲೇ ಹೀಗೆ ನೌಕರನನ್ನ ಕಾಂಟ್ರ್ಯಾಕ್ಟರ್ ಮಾಡಿದ್ರೆ ಒಂದೊಂದು ತಪ್ಪಿಗೂ 5,000 ಡಾಲರಿಂದ ಶುರುವಾಗಿ 25,000ದ ತನಕ ದಂಡ ಅಂತ ಇದೆ, ಇಲ್ಲ ಅಂತಲ್ಲ. ಆದ್ರೆ ಲೇಬರ್ ಕಮಿಷನರ್ ಆಫೀಸಿಗೆ ಹೋಗಿ ಕಂಪ್ಲೇಂಟ್ ಕೊಡ್ಬೇಕಾದೋನು ಅದೇ ಏಣಿ ಹೊತ್ತೋನು, ಮುಂದಿನ ವಾರದ ಬುಕಿಂಗ್ ಕೊಡೋದು ಅದೇ ಕಂಪನಿ ಆ್ಯಪು. ಕಂಪ್ಲೇಂಟ್ ಕೊಟ್ಟ ಮಾರನೇ ದಿನ ಆ್ಯಪಲ್ಲಿ ಬುಕಿಂಗ್ ಬರಲ್ಲ, ಯಾರನ್ನೂ ಕೆಲಸದಿಂದ ತೆಗೀಲೂ ಇಲ್ವಲ್ಲ ನಾವು, ಅವ್ರು ನಮ್ಮ ನೌಕರರೇ ಅಲ್ಲ ಅಂತಾರೆ ಹಲ್ಕಟ್ಟುಗಳು.