ಬಂಡೆಯ ಮೇಲೆ ಎರಡು ಕಡ್ಡಿ

ಅಪ್ಪನ ಕಾಲದಲ್ಲಿ ಪ್ರವಾಸ ಹೋಗಬೇಕೆಂದರೆ ಮೊದಲು ಬ್ಯಾಂಕಿಗೊಂದು ಪ್ರವಾಸ ಹೋಗಬೇಕಿತ್ತು. ಚೀಟಿ ತುಂಬಿ, ಟೋಕನ್ ಹಿಡಿದು ಕೂತು, ತಂದ ನೋಟುಗಳನ್ನು ಅಪ್ಪ ಮೂರು ಪಾಲು ಮಾಡುತ್ತಿದ್ದರು. ಒಂದು ಅಮ್ಮನ ಪರ್ಸಿಗೆ, ಒಂದು ಪೆಟ್ಟಿಗೆಯ ತಳಕ್ಕೆ, ಇನ್ನೊಂದು ಒಳಜೇಬಿಗೆ. ಒಳಜೇಬಿಗೆ ಮೇಲೊಂದು ಪಿನ್ನು. ದುಡ್ಡು ಬೇಕಾದಾಗಲೆಲ್ಲ ಜನರಿಗೆ ಬೆನ್ನು ಹಾಕಿ, ಅಂಗಿಯೊಳಗೆ ಕೈ ತೂರಿಸಿ ಅಪ್ಪ ಗುದ್ದಾಡುವುದನ್ನು ನೋಡಿದವರು, ಪಾಪ, ಎದೆನೋವು ಅಂದುಕೊಂಡಿದ್ದರೂ ಅಂದುಕೊಂಡಿರಬಹುದು. ಮೂರನೇ ಪಾಲು ಖಾಲಿಯಾದ ದಿನ ಪ್ರವಾಸವೂ ಮುಗಿಯುತ್ತಿತ್ತು, ನೋಡುವುದು ಎಷ್ಟೇ ಬಾಕಿ ಇರಲಿ.

ನಮ್ಮದು ಹಾಗಲ್ಲ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ, ಮಲಗಿದಲ್ಲಿಂದಲೇ ಹೊರಳಿ, ಹೆಬ್ಬೆರಳಲ್ಲಿ ಬಸ್ಸಿನ ಸೀಟು ಹಿಡಿದೆ. ಅದೇ ಹೆಬ್ಬೆರಳಲ್ಲಿ ರೂಮೂ ಬುಕ್ ಆಯಿತು. ಮಾಮೂಲಿ ರೂಮಿನ ಕೆಳಗೇ 'ನೀರು ಕಾಣುವ ರೂಮು' ಅಂತ ಇನ್ನೊಂದಿತ್ತು. ನೋಟು ಎಣಿಸುವುದಾಗಿದ್ದರೆ ನೀರನ್ನು ಹೊರಗೆ ಹೋಗಿ ನೋಡಿದರಾಯಿತು ಅನ್ನುತ್ತಿದ್ದೆ. ಆದರೆ ಇಲ್ಲಿ ಒತ್ತುವುದು ಹೇಗೂ ಒಂದೇ ಸಲ ತಾನೆ? 2001ರಲ್ಲಿ ಪ್ರೆಲೆಕ್ ಮತ್ತು ಸಿಮೆಸ್ಟರ್ ಎಂಬ ಸಂಶೋಧಕರು ಅಮೆರಿಕದಲ್ಲಿ ಬ್ಯಾಸ್ಕೆಟ್‌ಬಾಲ್ ಟಿಕೆಟ್ಟಿಗೆ ಬೆಲೆ ಕಟ್ಟಿಸಿ ನೋಡಿದ್ದರಂತೆ. ಕಾರ್ಡಿನಲ್ಲಿ ಕೊಡುವವರು, ನಗದು ಕೊಡುವವರಿಗಿಂತ ಸುಮಾರು ಎರಡರಷ್ಟು ಕೂಗಿದರು. ಅವರು ನನ್ನನ್ನೊಬ್ಬನನ್ನು ಕೇಳಿದ್ದರೆ ಅಷ್ಟೆಲ್ಲ ಖರ್ಚೇ ಬೀಳುತ್ತಿರಲಿಲ್ಲ.

"ರೀ, ಒಂದಿಷ್ಟು ದುಡ್ಡು ಕೈಲಿರ್ಲಿ" ಅಂದಳು ಹೆಂಡತಿ.

"ಯಾವ ಕಾಲದಲ್ಲಿದ್ದೀಯ ಮಾರಾಯ್ತಿ!" ಅಂದೆ. ಈ ಒಂದು ಮಾತನ್ನು ವಾಪಸ್ ತಗೊಳ್ಳೋಕೆ ಯಾವುದಾದರೂ ಆ್ಯಪ್ ಇದ್ದರೆ ಹೇಳಿ.

ಹಿನ್ನೀರಿನ ದಡಕ್ಕೆ ಬಂದೆವು. ಆಚೆ ನಡುಗಡ್ಡೆ, ಈಚೆ ದೋಣಿ. ದೋಣಿಯ ಗೂಟಕ್ಕೆ ಕಪ್ಪು ಬಿಳಿ ಚೌಕದ ಕ್ಯೂಆರ್ ಹಾಳೆ ಅಂಟಿಸಿದ್ದರು. ಒಂದು ಮೂಲೆ ಹರಿದು, ಕೆಸರು ಸಿಡಿದು, ಯಾವುದೋ ಹಕ್ಕಿಯ ರುಜು ಬೇರೆ ಬಿದ್ದಿತ್ತು. ಆದರೂ ಫೋನು ಹಿಡಿದ ತಕ್ಷಣ ಓದಿಕೊಂಡಿತು! 1994ರಲ್ಲಿ ಜಪಾನಿನ ಮಸಾಹಿರೊ ಹರಾ ಮತ್ತವರ ತಂಡ ಇದನ್ನು ಮಾಡಿದ್ದು ವಾಹನದ ಬಿಡಿಭಾಗಗಳ ಲೆಕ್ಕ ಇಡೋಕೆ. ಶೇ 30ರವರೆಗೆ ಕೆಟ್ಟರೂ ಓದಲು ಬರುವಂತೆ ಅದನ್ನು ಬರೆಯಬಹುದು. ಹಕ್ಕಿಯನ್ನೂ ಲೆಕ್ಕಕ್ಕೆ ಹಿಡಿದ ಆ ಪುಣ್ಯಾತ್ಮರ ಕೈಯಲ್ಲೂ ಆಗದ ಕೆಲಸ ಒಂದೇ, ನೆಟ್‌ವರ್ಕ್. ಪಿನ್ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗುತ್ತಲೇ ಇತ್ತು.

"ಆ ಬಂಡೆ ಹತ್ತಿ ಸ್ವಾಮಿ, ಎರಡು ಕಡ್ಡಿ ಬರ್ತದೆ" ಅಂದರು ಅಂಬಿಗಜ್ಜ.

ಬಂಡೆಗೆ ಆಗಲೇ ಸಾಲಿತ್ತು. ಮೇಲೆ ಹತ್ತು ಹನ್ನೆರಡು ಮಂದಿ, ಕೈ ಆಕಾಶಕ್ಕೆತ್ತಿ, ಒಂಟಿಕಾಲಲ್ಲಿ ತಪಸ್ಸಿಗೆ ನಿಂತ ಹಾಗೆ ನಿಂತಿದ್ದರು. ಅಲ್ಲಿಂದ ಹಿನ್ನೀರು ಇಡಿಯಾಗಿ ಕಾಣುತ್ತಿತ್ತಂತೆ. ಹೆಂಡತಿ ಆಮೇಲೆ ಹೇಳಿದಳು. ನಾನು ಕಂಡದ್ದು ಚಕ್ರ ಮಾತ್ರ.

ಒಂದು ಕಡ್ಡಿ ಬಂತು, ಹೋಯಿತು. 'ಪೆಂಡಿಂಗ್' ಎಂಬ ಪದ ಮೂಡಿತು. ದುಡ್ಡು ನನ್ನ ಖಾತೆ ಬಿಟ್ಟಿತ್ತು, ಅಜ್ಜನನ್ನು ಮುಟ್ಟಿರಲಿಲ್ಲ. ಮುಟ್ಟಲು ಅಜ್ಜನಿಗೆ ಖಾತೆಯೇ ಇಲ್ಲ, ಹಾಳೆ ಮಗನದ್ದು. ಜಗತ್ತಿನ ವಯಸ್ಕರಲ್ಲಿ ಖಾತೆ ಇರುವವರು 2011ರಲ್ಲಿ ಶೇ 51 ಇದ್ದದ್ದು 2021ಕ್ಕೆ ಶೇ 76 ಆಗಿದೆ ಅಂತ ವಿಶ್ವಬ್ಯಾಂಕು ಹೇಳುತ್ತದೆ. ಉಳಿದ ಶೇ 24ರಲ್ಲಿ ಒಬ್ಬರು ಹುಟ್ಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

"ಇರ್ಲಿ, ಹತ್ತಿ. ಬರುವಾಗ ಕೊಡಿ" ಅಂದರು.

ಪಿನ್ನಿಲ್ಲ, ಒಟಿಪಿ ಇಲ್ಲ, ಎಂಥಾ ನಂಬಿಕೆ ಅಂತ ನನ್ನ ಕಣ್ಣು ತುಂಬಿಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತದಲ್ಲ ಗಾದೆ, ಆ ಗಾದೆ ನಡುಗಡ್ಡೆಗೆ ಹೊಂದುವುದಿಲ್ಲ ಎಂದು ಹೊಳೆದದ್ದು ಆಚೆ ದಡದಲ್ಲಿ ಇಳಿದು, ಸುತ್ತ ನಾಲ್ಕೂ ಕಡೆ ನೀರು ನೋಡಿದಾಗ.

ವಾಪಸ್ ಬಂದವರೇ ಮತ್ತೆ ಬಂಡೆ ಹತ್ತಿದೆವು. ಈ ಸಲ ಹೆಂಡತಿಯ ಫೋನು. ಎತ್ತಿದ ಕೈ ಇಳಿಸುವ ಮೊದಲೇ ಹಸಿರು ಟಿಕ್ಕು ಬಿತ್ತು. ಅವಳು ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ಪೇಟೆ ಕಡೆಯಿಂದ ಅಜ್ಜನ ಮಗ ಬೈಕಿನಲ್ಲಿ ಬಂದ. "ಸರ್, ನಿಮ್ಮದು ಎರಡು ಸಲ ಬಂದಿದೆ!" ಬೆಳಿಗ್ಗೆ ಪೆಂಡಿಂಗ್ ಆಗಿದ್ದದ್ದು ಎಲ್ಲೆಲ್ಲಿ ಪ್ರವಾಸ ಮಾಡಿತ್ತೋ, ಅಂತೂ ಹೋಗಿ ಸೇರಿತ್ತು. "ಒಂದ್ನಿಮಿಷ ಸರ್, ವಾಪಸ್ ಹಾಕ್ತೀನಿ" ಅಂತ ಅವನೂ ಫೋನು ತೆಗೆದ, ಅವನ ಪರದೆಯಲ್ಲೂ ಚಕ್ರ. ಕೈ ಎತ್ತಿ ಬಂಡೆ ಕಡೆಗೆ ನಡೆದ. ಸಾಲು ಈಗ ಇನ್ನೂ ಉದ್ದವಾಗಿತ್ತು.

ಅಂಬಿಗಜ್ಜ ಮಗನನ್ನೊಮ್ಮೆ, ಇಳಿಯುತ್ತಿದ್ದ ಸೂರ್ಯನನ್ನೊಮ್ಮೆ ನೋಡಿ, ಗೂಟದಿಂದ ಹಗ್ಗ ಬಿಚ್ಚಿದರು.

"ಅದು ತಿರುಗ್ತಾ ಇರ್ಲಿ. ನೀವು ಹತ್ತಿ, ಇನ್ನೊಂದು ಸುತ್ತು ಹೋಗಿ ಬರೋಣ."