ನರ್ಸಿಂಗ್ ಸೇರುವವರು ಮಕ್ಕಳ ವಾರ್ಡಿನ ಲೆಕ್ಕ ಗಟ್ಟಿ ಮಾಡಿಕೊಳ್ಳಲಿ

ಪಿಯುಸಿ ಫಲಿತಾಂಶ ಬಂದು ಸೀಟಿನ ಓಡಾಟ ಶುರುವಾಯಿತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಮ್ಮ ಹುಡುಗಿಗಿ ಸಣ್ಣ ಮಕ್ಕಳ ನರ್ಸ್ ಆಗ್ಬೇಕಂತ ಆಸೆ ಅದರಿ, ಅದಕ್ಕ ಬ್ಯಾರೆ ಕೋರ್ಸ್ ಇರ್ತದೇನು?"

ನಮ್ಮಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ನರ್ಸಿಂಗ್ ಸೇರುವಾಗಲೇ ವಯಸ್ಕರು, ಮಕ್ಕಳು, ಮಾನಸಿಕ ಆರೋಗ್ಯ, ಕಲಿಕಾ ನ್ಯೂನತೆ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎರಡು ಬೇಕೆಂದವರಿಗೆ ಕೆಲವು ವಿಶ್ವವಿದ್ಯಾಲಯಗಳಲ್ಲಿ ಜೋಡಿ ಕ್ಷೇತ್ರದ ಕೋರ್ಸ್ ಇದೆ. ನಮ್ಮ ಬಿಎಸ್ಸಿ ನರ್ಸಿಂಗ್ ಆಗಲಿ, ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಆಗಲಿ, ಎಲ್ಲರನ್ನೂ ಎಲ್ಲದಕ್ಕೂ ತಯಾರು ಮಾಡುವ ಕೋರ್ಸು. ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆದ ದಿನದಿಂದ ನಿಮ್ಮನ್ನು ಎಂಬತ್ತರ ಮುದುಕನ ಮಂಚದ ಪಕ್ಕಕ್ಕೂ ಹಾಕಬಹುದು, ಒಂದೂವರೆ ಕೆಜಿ ಕೂಸನ್ನು ಬೆಚ್ಚಗಿಡುವ ವಾರ್ಮರ್ ಪಕ್ಕಕ್ಕೂ ಹಾಕಬಹುದು. ಮಕ್ಕಳ ವಿಭಾಗದಲ್ಲೇ ಪರಿಣತಿ ಬೇಕೆಂದರೆ ಅದು ಮುಂದೆ, ಎಂಎಸ್ಸಿಯಲ್ಲಿ.

ಪ್ರಮಾಣಪತ್ರದ ಮಟ್ಟಿಗೆ ಆ ಮುದುಕ, ಈ ಕೂಸು ಇಬ್ಬರೂ ಸಮ. ತರಬೇತಿಯ ತಾಸುಗಳಲ್ಲಿ ಹಾಗಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಸೆಮಿಸ್ಟರ್ ಪಠ್ಯಕ್ರಮ ತೆಗೆದು ನೋಡಿ. ಮೂರು ಮತ್ತು ನಾಲ್ಕನೇ ಸೆಮಿಸ್ಟರಿನ ವಯಸ್ಕರ ಶುಶ್ರೂಷೆಗೆ ಆಸ್ಪತ್ರೆಯ ಪೋಸ್ಟಿಂಗ್ 480 ಮತ್ತು 480, ಒಟ್ಟು 960 ತಾಸು. ಐದು ಮತ್ತು ಆರನೇ ಸೆಮಿಸ್ಟರಿನ ಮಕ್ಕಳ ಶುಶ್ರೂಷೆಗೆ 160 ಮತ್ತು 80, ಒಟ್ಟು 240. ಅಂದರೆ ನಾಲ್ಕಕ್ಕೆ ಒಂದು. ಎಂಟನೇ ಸೆಮಿಸ್ಟರಿನ ಇಂಟರ್ನ್‌ಶಿಪ್‌ನಲ್ಲಿ ಅಂತರ ಕಡಿಮೆ: ವಯಸ್ಕರಿಗೆ 6 ವಾರ, ಮಕ್ಕಳಿಗೆ 4 ವಾರ.

ಹೃದಯ, ಮೂತ್ರಪಿಂಡ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಶಸ್ತ್ರಚಿಕಿತ್ಸೆ ಎಲ್ಲ ಸೇರುವುದರಿಂದ ವಯಸ್ಕರ ಪಾಲು ದೊಡ್ಡದಿರುವುದು ಸರಿಯೇ. ನನ್ನ ತಕರಾರು ಬೇರೆ. ಆ 240 ತಾಸುಗಳನ್ನು ಬಹಳ ಕಡೆ ಹಾಜರಿ ಪುಸ್ತಕದಲ್ಲಿ ಮುಗಿಸುತ್ತಾರೆ. ಮಗುವಿನ ರಕ್ತನಾಳಕ್ಕೆ ಕ್ಯಾನುಲಾ (ಸಲಾಯಿನ್, ಔಷಧಿ ಕೊಡುವ ಸಣ್ಣ ನಳಿಕೆ) ಹಾಕಲು ವಿದ್ಯಾರ್ಥಿಗೆ ಬಿಡುವುದಿಲ್ಲ, ತಾಯಿ ಒಪ್ಪುವುದಿಲ್ಲ, ಡಾಕ್ಟರಿಗೆ ಪುರುಸೊತ್ತಿಲ್ಲ. ಹುಡುಗಿಯರು ಗೋಡೆಗೆ ಆತು ನಿಂತು ಲಾಗ್‌ಬುಕ್ ತುಂಬಿಸಿಕೊಂಡು ಹಾಸ್ಟೆಲಿಗೆ ಮರಳುತ್ತಾರೆ. ಆಮೇಲೆ ಅವರೇ ಶಹಾಪುರದ ಕಡೆಯದೋ ಔರಾದ್ ಕಡೆಯದೋ ಒಂದು ದವಾಖಾನೆಯ ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವಾಗ ಫಿಟ್ಸ್ ಬಂದ ಕೂಸು ಬರುತ್ತದೆ.

ದೊಡ್ಡವರ ವಾರ್ಡಿನಲ್ಲಿ ಕಲಿತದ್ದನ್ನೇ ಅರ್ಧ ಮಾಡಿದರೆ ಮಕ್ಕಳ ಶುಶ್ರೂಷೆ ಆಗುತ್ತದೆ ಎಂಬ ನಂಬಿಕೆ ಎಲ್ಲಿಂದ ಹುಟ್ಟಿತೋ ಗೊತ್ತಿಲ್ಲ. ಅತಿ ಸಾಮಾನ್ಯ ಔಷಧಿ ಪ್ಯಾರಾಸಿಟಮಾಲನ್ನೇ ನೋಡಿ. ದೊಡ್ಡವರಿಗೆ ಒಂದು ಮಾತ್ರೆ, ಮುಗಿಯಿತು. ಮಗುವಿಗೆ ಒಂದು ಸಲಕ್ಕೆ ಪ್ರತಿ ಕೆಜಿಗೆ 15 ಮಿಗ್ರಾಂ. 10 ಕೆಜಿ ಮಗುವಿಗೆ 150 ಮಿಗ್ರಾಂ. ಇಷ್ಟು ಎಲ್ಲರಿಗೂ ಬರುತ್ತದೆ. ಎಡವುವುದು ಮುಂದೆ. 5 ಮಿಲೀಗೆ 125 ಮಿಗ್ರಾಂ ಇರುವ ಸಿರಪ್ಪಾದರೆ 6 ಮಿಲೀ, 250 ಇರುವುದಾದರೆ 3 ಮಿಲೀ, ಮಿಲೀಗೆ 100 ಮಿಗ್ರಾಂ ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲೀ. ಮೂರು ಬಾಟಲಿಯ ಮೇಲೂ ಅದೇ ಔಷಧದ ಹೆಸರು. ಡ್ರಾಪ್ಸ್ ಬಾಟಲಿಯಿಂದ 6 ಮಿಲೀ ಕುಡಿಸಿದರೆ ಮಗುವಿನ ಹೊಟ್ಟೆಗೆ 600 ಮಿಗ್ರಾಂ, ಅಂದರೆ ನಾಲ್ಕು ಪಟ್ಟು ಹೋಯಿತು. ಅದಕ್ಕೇ ಮಕ್ಕಳ ವಾರ್ಡಿನಲ್ಲಿ "ಎಷ್ಟು ಮಿಲೀ" ಎಂದು ಕೇಳುವುದು ತಪ್ಪು ಅಭ್ಯಾಸ. ಎಷ್ಟು ಮಿಗ್ರಾಂ ಎಂದು ಕೇಳಬೇಕು, ಬಾಟಲಿ ತಿರುಗಿಸಿ ಓದಬೇಕು, ಆಮೇಲೆ ಮಿಲೀ. ಇದೆಲ್ಲಕ್ಕೂ ಮೊದಲು ಮಗುವನ್ನು ಅವತ್ತೇ ತೂಗಿರಬೇಕು. ತಾಯಿ ಹೇಳಿದ ತೂಕ ಅಂಗನವಾಡಿಯಲ್ಲಿ ಯಾವಾಗಲೋ ತೂಗಿದ್ದಿರಬಹುದು.

ಸಲಾಯಿನ್ ಲೆಕ್ಕವೂ ಹೀಗೆ. ದಿನಕ್ಕೆ ಬೇಕಾಗುವ ನೀರಿಗೆ ಮೊದಲ 10 ಕೆಜಿಗೆ ಕೆಜಿಗೆ 100 ಮಿಲೀ, ಮುಂದಿನ 10 ಕೆಜಿಗೆ 50, ಅದಕ್ಕೂ ಮೇಲಿನದಕ್ಕೆ 20. ಹಾಗಾಗಿ 14 ಕೆಜಿ ಮಗುವಿಗೆ 1000 ಮತ್ತು 200, ಒಟ್ಟು 1200 ಮಿಲೀ, ತಾಸಿಗೆ 50. ಸಣ್ಣ ಹನಿ ಬೀಳುವ ಮೈಕ್ರೋ ಡ್ರಿಪ್ ಸೆಟ್ಟಿನಲ್ಲಿ ಒಂದು ಮಿಲೀಗೆ 60 ಹನಿ ಇರುವುದರಿಂದ ತಾಸಿಗೆ ಎಷ್ಟು ಮಿಲೀಯೋ ನಿಮಿಷಕ್ಕೆ ಅಷ್ಟೇ ಹನಿ. ಈ ಒಂದು ಸಂಬಂಧ ನೆನಪಿದ್ದರೆ ಗುಣಾಕಾರವೇ ಬೇಡ. ಅದೇ 50 ಮಿಲೀಯನ್ನು ಮಿಲೀಗೆ 20 ಹನಿ ಬೀಳುವ ದೊಡ್ಡವರ ಸೆಟ್ಟಿನಲ್ಲಿ ಬಿಟ್ಟರೆ ನಿಮಿಷಕ್ಕೆ 17 ಹನಿ; ಮಗು ಕೈ ಮಡಚಿತು, ಬಿಡಿಸಿತು, ಯಾರೋ ಕ್ಲ್ಯಾಂಪ್ ಸಡಿಲಿಸಿದರು, ಅರ್ಧ ಲೀಟರ್ ಬಾಟಲಿ ನೋಡನೋಡುತ್ತ ಖಾಲಿ. ದೊಡ್ಡವರು ಅದನ್ನು ತಡೆದುಕೊಳ್ಳುತ್ತಾರೆ. ಮಗುವಿಗೆ ಉಸಿರು ಕಟ್ಟುತ್ತದೆ. ಬಾಟಲಿಗೂ ಮಗುವಿಗೂ ನಡುವೆ ಅಳತೆ ಗೆರೆಯ ಸಣ್ಣ ಕೊಳವೆ ಬರುವ ಬ್ಯುರೆಟ್ ಸೆಟ್ ಇರುವುದೇ ಇದಕ್ಕೆ: ಅದರಲ್ಲಿ ಎರಡು ತಾಸಿನಷ್ಟೇ ತುಂಬಿ, ಬಾಟಲಿಯ ಕಡೆಯ ಕ್ಲ್ಯಾಂಪ್ ಮುಚ್ಚಿ. ತುಂಬಿಸಿ ಮೇಲಿನ ಕ್ಲ್ಯಾಂಪ್ ತೆರೆದೇ ಬಿಟ್ಟರೆ ಬ್ಯುರೆಟ್ ಇದ್ದೂ ಇಲ್ಲದ ಹಾಗೆ, ಇದನ್ನು ಎಷ್ಟು ವಾರ್ಡುಗಳಲ್ಲಿ ನೋಡಬಹುದೋ!

ನಮ್ಮ ಭಾಗದಲ್ಲಿ ಇನ್ನೂ ಮುಖ್ಯವಾದದ್ದು ತೀವ್ರ ಅಪೌಷ್ಟಿಕತೆಯ ಮಗು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಮೀಗಿಂತ ಕಡಿಮೆ ಇದ್ದರೆ ಅಥವಾ ಎರಡೂ ಪಾದದಲ್ಲಿ ಬೆರಳೊತ್ತಿದರೆ ಕುಳಿ ಬೀಳುವ ಬಾವಿದ್ದರೆ ಅದು ತೀವ್ರ ಸ್ವರೂಪದ್ದು. ಬಾವು ಬಂದ ಮಗುವನ್ನು ಮನೆಯವರು "ಮೈ ತುಂಬ್ಯಾನ" ಎಂದುಕೊಂಡಿರುತ್ತಾರೆ. ಪಾದ ಒತ್ತಿ ನೋಡದ ನರ್ಸ್ ಕೂಡ ಹಾಗೇ ಅಂದುಕೊಳ್ಳುತ್ತಾಳೆ. ಈ ಮಗುವಿಗೆ ಭೇದಿಯಾದರೆ ಉಳಿದ ಮಕ್ಕಳಿಗೆ ಹಚ್ಚುವ ಹಾಗೆ ಸಲಾಯಿನ್ ಹಚ್ಚುವಂತಿಲ್ಲ. ಶಾಕ್ (ರಕ್ತಸಂಚಾರ ಕುಸಿದ ಸ್ಥಿತಿ) ಇದ್ದರೆ ಮಾತ್ರ, ಅದೂ ಪಕ್ಕದಲ್ಲೇ ನಿಂತು. ಸೋತ ಹೃದಯಕ್ಕೆ ಆ ನೀರು ಭಾರ. ಶುರುವಿನಲ್ಲಿ ಇಂಥ ಮಕ್ಕಳಿಗೆಂದೇ ಇರುವ ಎಫ್-75 ಹಾಲು, ಕೆಜಿಗೆ ದಿನಕ್ಕೆ 130 ಮಿಲೀ, ಬಾವು ಜೋರಿದ್ದರೆ 100. 6 ಕೆಜಿ ಮಗುವಿಗೆ 780 ಮಿಲೀ, ಎರಡು ತಾಸಿಗೊಮ್ಮೆಯಂತೆ 12 ಸಲ, ಸಲಕ್ಕೆ 65 ಮಿಲೀ. ಹಗಲಿನ ಸರದಿ ತಪ್ಪುವುದಿಲ್ಲ. ರಾತ್ರಿ ಎರಡು ಮತ್ತು ನಾಲ್ಕು ಗಂಟೆಯದು ತಪ್ಪುತ್ತದೆ, ಬೆಳಗಿನ ಜಾವ ರಕ್ತದ ಸಕ್ಕರೆ 100 ಮಿಲೀಗೆ 54 ಮಿಗ್ರಾಂಗಿಂತ ಕೆಳಗಿಳಿಯುತ್ತದೆ, ಮೈ ತಣ್ಣಗಾಗುತ್ತದೆ. ಕಬ್ಬಿಣದ ಸಿರಪ್ ಈ ಹಂತದಲ್ಲಿ ಬೇಡ. ರಕ್ತ ಕಡಿಮೆ ಇದೆ ಎಂದು ಉತ್ಸಾಹದಿಂದ ಶುರು ಮಾಡುವವರಿದ್ದಾರೆ.

ಎಲ್ಲವೂ ತೂಕದ ಮೇಲೆಯೇ ಎಂದು ಗಟ್ಟಿ ಹಿಡಿದವರನ್ನೂ ಒಂದು ವಿಷಯ ಬೀಳಿಸುತ್ತದೆ: ಹಾವು ಕಡಿತ. ತೊಗರಿ ಹೊಲದ ನಾಡಿನಲ್ಲಿ ಇದು ಬಾರದ ಮಳೆಗಾಲ ಇಲ್ಲ. ಹಾವಿನ ವಿಷದ ಪ್ರತಿವಿಷಕ್ಕೆ ಮಗುವಿಗೂ ದೊಡ್ಡವರಿಗೂ ಒಂದೇ ಡೋಸು, ಯಾಕೆಂದರೆ ಹಾವು ಕಡಿಯುವಾಗ ತೂಕ ನೋಡಿ ವಿಷ ಬಿಡುವುದಿಲ್ಲ. ಸಾಮಾನ್ಯವಾಗಿ 10 ವಯಲ್‌ನಿಂದ ಶುರು ಎಂದಾದರೆ ಹತ್ತು ವರ್ಷದ ಹುಡುಗನಿಗೂ ಹತ್ತೇ. ಬದಲಾಗುವುದು ಅದನ್ನು ಬೆರೆಸುವ ಸಲಾಯಿನ್ ಪ್ರಮಾಣ ಮಾತ್ರ. ಆದರೆ ಪ್ರತಿವಿಷಕ್ಕೆ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಮತ್ತೆ ತೂಕದ ಮೇಲೆ: ಮಿಲೀಗೆ 1 ಮಿಗ್ರಾಂ ಇರುವ ಆಂಪೂಲಿನಿಂದ ದೊಡ್ಡವರಿಗೆ ಅರ್ಧ ಮಿಲೀ, 20 ಕೆಜಿ ಮಗುವಿಗೆ 0.2 ಮಿಲೀ, ತೊಡೆಯ ಸ್ನಾಯುವಿಗೆ. ಪ್ರತಿವಿಷ ಶುರು ಮಾಡುವ ಮೊದಲೇ ಇದು ಸಿರಿಂಜಿನಲ್ಲಿ ಎಳೆದಿಟ್ಟಿರಬೇಕು. ರಕ್ತ ಹೆಪ್ಪುಗಟ್ಟುತ್ತದೋ ಎಂದು ನೋಡುವ ಪರೀಕ್ಷೆಗೆ ಒಣಗಿದ ಸ್ವಚ್ಛ ಗಾಜಿನ ನಳಿಕೆ, 2 ಮಿಲೀ ರಕ್ತ, 20 ನಿಮಿಷ ಅಲುಗಾಡಿಸದೆ ಇಡಬೇಕು. ಪ್ಲಾಸ್ಟಿಕ್ ನಳಿಕೆಯಲ್ಲೋ, ಸೋಪಿನ ಅಂಶ ಉಳಿದ ಗಾಜಿನಲ್ಲೋ ಇಟ್ಟರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ, ಬೇಡದವರಿಗೆ ಪ್ರತಿವಿಷ ಹೋಗುತ್ತದೆ.

ಹೃದಯ ನಿಂತಾಗ ಎದೆ ಒತ್ತುವುದರಲ್ಲೂ ವ್ಯತ್ಯಾಸವಿದೆ. ದೊಡ್ಡವರಿಗೆ 30 ಒತ್ತು, 2 ಉಸಿರು. ಮಗುವಿಗೆ ಇಬ್ಬರು ನಿಂತಿದ್ದರೆ 15ಕ್ಕೆ 2. ಒಬ್ಬರೇ ಇದ್ದರೆ 30ಕ್ಕೆ 2. ಆಗ ತಾನೇ ಹುಟ್ಟಿದ ಕೂಸಿಗೆ 3ಕ್ಕೆ 1. ಮಗುವಿನ ಹೃದಯ ನಿಲ್ಲುವುದು ಬಹುತೇಕ ಉಸಿರು ನಿಂತ ಮೇಲೆ, ಅದಕ್ಕೇ ಉಸಿರಿನ ಪಾಲು ಹೆಚ್ಚು. ಉಸಿರು ಎಣಿಸುವುದು ಪೂರ್ತಿ ಒಂದು ನಿಮಿಷ, ಮಗು ಅಳದೆ ಇರುವಾಗ: ಎರಡು ತಿಂಗಳೊಳಗೆ 60, ಒಂದು ವರ್ಷದವರೆಗೆ 50, ಐದು ವರ್ಷದವರೆಗೆ 40 ಮುಟ್ಟಿದರೆ ವೇಗದ ಉಸಿರಾಟ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ದೊಡ್ಡವರ ವಾರ್ಡಿನ ರೂಢಿ ಇಲ್ಲಿ ಕೆಲಸಕ್ಕೆ ಬಾರದು, ಕೂಸಿನ ಉಸಿರು ಏಕಸಮನಾಗಿರುವುದಿಲ್ಲ.

ಇಷ್ಟು ಹೇಳಿದ್ದಕ್ಕೆ ದೊಡ್ಡವರ ವಾರ್ಡು ಸಲೀಸು ಎಂದಲ್ಲ. ಒಂದೇ ಉದಾಹರಣೆ ಸಾಕು: ಇನ್ಸುಲಿನ್. ಮಿಲೀಗೆ 40 ಯೂನಿಟ್ಟಿನ ವಯಲ್‌ಗೆ ಕೆಂಪು ಮುಚ್ಚಳದ ಸಿರಿಂಜು, 100 ಯೂನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಉಲ್ಟಾ ಆದರೆ ಬರೀ 8.

ಹಾಗಾದರೆ ಕಾಲೇಜು ಹೇಗೆ ಆರಿಸಬೇಕು? ಕಟ್ಟಡ, ಬಸ್ಸು, ಯೂನಿಫಾರ್ಮ್ ಬಿಡಿ. ಮಕ್ಕಳ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ ಎಂದು ನೇರ ಕೇಳಿ, ಹೋಗಿ ನೋಡಿಬನ್ನಿ. ಅಲ್ಲಿ ಎಸ್‌ಎನ್‌ಸಿಯು (ಕಾಯಿಲೆಯ ನವಜಾತ ಶಿಶುಗಳ ವಿಶೇಷ ಘಟಕ), ಪೌಷ್ಟಿಕ ಪುನಶ್ಚೇತನ ಕೇಂದ್ರ ಇವೆಯೇ, ಒಂದೇ ವಾರ್ಡಿಗೆ ಏಕಕಾಲಕ್ಕೆ ಎಷ್ಟು ಕಾಲೇಜುಗಳ ವಿದ್ಯಾರ್ಥಿಗಳು ಬರುತ್ತಾರೆ, ಮಕ್ಕಳ ವಿಷಯ ಕಲಿಸುವವರು ಅದರಲ್ಲೇ ಎಂಎಸ್ಸಿ ಮಾಡಿದವರೇ? ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಥರದ ಬೋಧಕ ಆಸ್ಪತ್ರೆಗೆ ಪೋಸ್ಟಿಂಗ್ ಹೋಗುವ ವಿದ್ಯಾರ್ಥಿಗೆ ಬರುವ ರೋಗಿಗಳ ವೈವಿಧ್ಯ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಸಿಗುವುದಿಲ್ಲ. ಭಾಷೆಯದೂ ಒಂದು ತರಬೇತಿಯೇ ಅಲ್ಲಿ: ಕನ್ನಡ, ದಖನಿ, ಬೀದರ್ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾದವರ ಲಂಬಾಣಿ. ಡೋಸನ್ನು ತಾಯಿಯ ಬಾಯಲ್ಲೇ ತಿರುಗಿ ಹೇಳಿಸಿ, ಅಳತೆಯ ಮುಚ್ಚಳದಲ್ಲಿ ಗೆರೆ ತೋರಿಸಿ. "ಹ್ಞೂಂರಿ ಸಿಸ್ಟರ್" ಅಂದಳೆಂದರೆ ತಿಳಿಯಿತು ಎಂದು ಅರ್ಥವಲ್ಲ.

ಬಿಎಸ್ಸಿಗೆ ಪಿಯುಸಿ ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇಕು, 17 ವರ್ಷ ತುಂಬಿರಬೇಕು. ಕಲಾ ವಿಭಾಗದವರಿಗೆ ಮೂರು ವರ್ಷದ ಜಿಎನ್‌ಎಂ ಇದೆ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ. ಕಲ್ಯಾಣ ಕರ್ನಾಟಕದವರಿಗೆ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಸೀಟಿಗೂ ಬೇಕು, ಮುಂದೆ ಕಲ್ಯಾಣ ಕರ್ನಾಟಕದ ಸಿ ಗುಂಪಿನ ಹುದ್ದೆಗಳಲ್ಲಿ ಸ್ಥಳೀಯರಿಗಿರುವ 80% ಮೀಸಲಿಗೂ ಬೇಕು.

ಸೇರಿದ ಮೇಲೆ ಐಎಂಎನ್‌ಸಿಐ (ನವಜಾತ ಶಿಶು ಮತ್ತು ಮಕ್ಕಳ ಕಾಯಿಲೆಗಳ ಸಮಗ್ರ ನಿರ್ವಹಣೆ), ನವಜಾತ ಶಿಶು ಆರೈಕೆ, ಮಕ್ಕಳ ಜೀವರಕ್ಷಣೆಯ ತರಬೇತಿ ಮಾಡ್ಯೂಲುಗಳು ಪಠ್ಯಕ್ರಮದಲ್ಲೇ ಇವೆ. ಕಾಲೇಜು ಮಾಡಿಸದಿದ್ದರೆ ಬರವಣಿಗೆಯಲ್ಲಿ ಕೇಳಿ. ಇಂಟರ್ನ್‌ಶಿಪ್‌ನ ಆ ನಾಲ್ಕು ವಾರದಲ್ಲಿ ಕನಿಷ್ಠ ಒಂದು ವಾರ ರಾತ್ರಿ ಪಾಳಿಯನ್ನು ಕೇಳಿ ಹಾಕಿಸಿಕೊಳ್ಳಿ. ಹಗಲು ಎಲ್ಲದಕ್ಕೂ ಹಿರಿಯ ಸಿಸ್ಟರ್ ಮುಂದೆ ಬರುತ್ತಾರೆ. ರಾತ್ರಿ ಕೈ ಕಡಿಮೆ, ಹಳದಿ ಬಣ್ಣದ 24 ನಂಬರಿನ ಕ್ಯಾನುಲಾವನ್ನು ನಿಮ್ಮ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆ.